ಗವರ್ನರ್ ಆಲ್ಟ್‌ಗೆಲ್ಡನ ಕ್ಷಮಾಪತ್ರ

ಮಹಾಭಾರತದ ಆದಿಪರ್ವದಲ್ಲಿ ಮಾಂಡವ್ಯ ಮಹರ್ಷಿಯ ಉಪಾಖ್ಯಾನವೊಂದುಂಟು. ಮೌನವ್ರತವನ್ನು ಹಿಡಿದು ತಪಸ್ಸಿನಲ್ಲಿದ್ದ ಆ ಮುನಿಯ ಆಶ್ರಮದಲ್ಲಿ ಕಳ್ಳರು ಕದ್ದ ಒಡವೆಯೊಡನೆ ಬಂದು ಅಡಗಿಕೊಂಡರು. ಬೆನ್ನಟ್ಟಿ ಬಂದ ರಾಜಭಟರು ಮುನಿಯನ್ನು ಪ್ರಶ್ನಿಸಿ, ಉತ್ತರ ಬಾರದಿರಲು ಅವನೂ ಕಳ್ಳರ ಸಂಗಡಿಗನೇ ಎಂದು ಬಗೆದು ರಾಜನಿಗೆ ಒಪ್ಪಿಸಿದರು. ರಾಜನು ನಿಜವನ್ನು ಅರಸದೆ ಶೂಲಕ್ಕೇರಿಸಿದನು. ಬಳಿಕ ತಪ್ಪು ತಿಳಿದು ಓಡಿಬಂದು ಕ್ಷಮೆ ಬೇಡಿದನೆಂಬುದೇನೋ ನಿಜ. ಆದರೆ ಶೂಲವನ್ನು ಹೊರಕ್ಕೆ ಸೆಳೆಯಲಾಗಲಿಲ್ಲ, ಅದನ್ನು ಕತ್ತರಿಸಬೇಕಾಯಿತು. ಒಳಗುಳಿದ ಮೊನೆಯನ್ನು ಹೊತ್ತುಕೊಂಡೇ ಬಾಳಿದ ಆ ಮಹರ್ಷಿಗೆ ಆಣಿಮಾಂಡವ್ಯನೆಂಬ ಹೆಸರು ನಿಂತಿತು.

ರಾಜದಂಡವು ತಪ್ಪಿ ಬಿದ್ದಾಗ ಅದನ್ನು ತಿದ್ದುವವರಾರು, ತಿದ್ದಿದವನಿಗೆ ಲಭಿಸುವುದೇನು ಎಂಬ ಪ್ರಶ್ನೆಗಳು ಈ ಕಥೆಯನ್ನು ಓದಿದವರಿಗೆಲ್ಲ ಹೊಳೆಯತಕ್ಕವು. ಇವಕ್ಕೆ ಪುರಾಣದಲ್ಲಿಯೇ ಉತ್ತರವನ್ನು ಹುಡುಕಬೇಕಾದುದಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ, ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲೊಂದಾದ ಇಲಿನಾಯ್ ಸಂಸ್ಥಾನದಲ್ಲಿ ಗವರ್ನರನಾಗಿದ್ದ ಜಾನ್ ಪೀಟರ್ ಆಲ್ಟ್‌ಗೆಲ್ಡನೆಂಬಾತನ ಜೀವಿತವೇ ಅದಕ್ಕೆ ಉತ್ತರವಾಗಿದೆ. ಆ ಚರಿತ್ರೆಯನ್ನು ವಾಚಕ ಮಹಾಶಯರ ಮುಂದೆ ಸಂಕ್ಷೇಪವಾಗಿ ನಿವೇದಿಸುವುದೇ ಈ ಲೇಖನದ ಉದ್ದೇಶವು.

ಮೊದಲು ಪದವಿಯ ವಿಷಯವಾಗಿ ಒಂದು ಮಾತು. ನಮ್ಮ ದೇಶದಲ್ಲಿ ರಾಜ್ಯಪಾಲರು ರಾಷ್ಟ್ರಪತಿಗಳಿಂದ ನೇಮಿಸಲ್ಪಡುವವರು. ಆಡಳಿತದ ಭಾರವೆಲ್ಲ ಮುಖ್ಯಮಂತ್ರಿಗಳದು. ಅಮೆರಿಕಾದ ಗವರ್ನರನಾದರೋ ಜನರಿಂದಲೇ ನೇರವಾಗಿ ಚುನಾಯಿತನಾಗತಕ್ಕವನು. ಸಂಸ್ಥಾನದ ಕಾರ್ಯಾಂಗವು ಅವನ ಕೈಯಲ್ಲಿರುವುದು. ಶಾಸನಸಭೆಯು ಅಂಗೀಕರಿಸಿದ ಮಸೂದೆಯನ್ನು ಅವನು ತಿರಸ್ಕರಿಸಿ ಹಿಂದಕ್ಕೆ ಕಳುಹಿಸಬಹುದು. ಇಲಿನಾಯಿಯಲ್ಲಿ ಅಪರಾಧಿಗಳೆನಿಸಿದವರನ್ನು ಕ್ಷಮಿಸುವ ಅಧಿಕಾರವೂ ಅವನಿಗುಂಟು. ಅಧಿಕಾರವು ದೊಡ್ಡದಾದಷ್ಟೂ ಅದರ ಹೊಣೆಯೂ ಒಬ್ಬನ ತಲೆಯ ಮೇಲೆಯೇ ಬೀಳುವುದು.

ಆಲ್ಟ್‌ಗೆಲ್ಡನು 1847ನೆಯ ಇಸವಿ ಡಿಸೆಂಬರ್ 30ರಂದು ಜರ್ಮನಿಯ ನಸ್ಸೌ ಪ್ರಾಂತದ ಒಂದು ಹಳ್ಳಿಯಲ್ಲಿ ಜನಿಸಿದನು. ಮಗುವಿಗೆ ವರ್ಷ ತುಂಬುವ ಮುನ್ನವೇ ತಂದೆತಾಯಿಗಳು ಸಮುದ್ರವನ್ನು ದಾಟಿ ಅಮೆರಿಕಾದ ಒಹಾಯೋ ಸಂಸ್ಥಾನವನ್ನು ಸೇರಿದರು. ಮನೆಯಲ್ಲಿ ಬಡತನ, ತಂದೆಯು ಓದಿಗಿಂತ ದುಡಿಮೆಯೇ ಮೇಲೆಂದು ನಂಬಿದವನು. ಬಾಲಕನು ಹೊಲದ ಕೆಲಸದ ನಡುವೆ ಬಿಡುವಾದಾಗ ಮಾತ್ರ ಶಾಲೆಯ ಮುಖವನ್ನು ಕಂಡನು. 1864ರಲ್ಲಿ, ಹದಿನಾರು ವರ್ಷದವನಾಗಿದ್ದಾಗ, ಗುಲಾಮಗಿರಿಯ ನಿಮಿತ್ತವಾಗಿ ಎದ್ದಿದ್ದ ಅಂತರ್ಯುದ್ಧದಲ್ಲಿ ಉತ್ತರದವರ ಸೈನ್ಯಕ್ಕೆ ಸೇರಿ ವರ್ಜೀನಿಯಾಕ್ಕೆ ಹೋದನು. ಅಲ್ಲಿ ಹತ್ತಿದ ಜ್ವರವು ಅವನ ದೇಹವನ್ನು ಬಹುಕಾಲ ಬಿಡಲಿಲ್ಲ.

ಊರಿಗೆ ಹಿಂದಿರುಗಿದ ಮೇಲೆ ಹಟದಿಂದ ಓದಿ ಶಾಲೆಯ ಉಪಾಧ್ಯಾಯನಾದನು. ಎಮ್ಮಾ ಫೋರ್ಡ್ ಎಂಬ ಕನ್ಯೆಯಲ್ಲಿ ಅವನ ಮನಸ್ಸು ನೆಟ್ಟಿತ್ತು. ಆಕೆಯ ತಂದೆಯು ಸಮ್ಮತಿಸಲಿಲ್ಲ. 1869ರಲ್ಲಿ ಅವನು ಊರನ್ನು ಬಿಟ್ಟು ಪಶ್ಚಿಮಾಭಿಮುಖನಾಗಿ ಹೊರಟನು. ಬಹುಭಾಗ ದಾರಿಯನ್ನು ಕಾಲ್ನಡಿಗೆಯಿಂದಲೇ ಕ್ರಮಿಸಿ, ರೈಲುದಾರಿಯನ್ನು ಹಾಕುವ ಕೂಲಿಗಳ ಗುಂಪಿನಲ್ಲಿ ದುಡಿದು, ಮತ್ತೆ ಜ್ವರಪೀಡಿತನಾಗಿ, ಕಟ್ಟಕಡೆಗೆ ಮಿಸೌರಿಯ ಸವಾನಾ ಎಂಬ ಸಣ್ಣ ಊರನ್ನು ಸೇರಿದನು. ಅಲ್ಲಿ ಪಾಠ ಹೇಳುತ್ತಲೇ ಕಾನೂನನ್ನು ವ್ಯಾಸಂಗ ಮಾಡಿ 1871ರಲ್ಲಿ ವಕೀಲನಾದನು. 1874ರಲ್ಲಿ ಜಿಲ್ಲೆಯ ಸರ್ಕಾರೀ ವಕೀಲನಾಗಿ ಚುನಾಯಿತನಾದನು. ಮರುವರ್ಷವೇ ಆ ಪದವಿಯನ್ನು ತೊರೆದು, ಪರಿಚಯಸ್ಥರು ಹೆಚ್ಚಾಗಿಲ್ಲದ ಚಿಕಾಗೋ ಮಹಾನಗರಕ್ಕೆ ಬಂದನು. 1877ರಲ್ಲಿ ಒಹಾಯೋಗೆ ಹೋಗಿ, ತನಗಾಗಿ ಕಾದಿದ್ದ ಎಮ್ಮಾಳ ಪಾಣಿಗ್ರಹಣವನ್ನು ಮಾಡಿಕೊಂಡನು.

ಚಿಕಾಗೋ ಆಗ ದಿನದಿನಕ್ಕೆ ಬೆಳೆಯುತ್ತಿದ್ದ ನಗರ. ಆಲ್ಟ್‌ಗೆಲ್ಡನು ನಿವೇಶನಗಳ ಕ್ರಯವಿಕ್ರಯದಲ್ಲಿ ಬಹಳ ಹಣ ಸಂಪಾದಿಸಿದನು. ಯೂನಿಟಿ ಭವನವೆಂಬ ಹದಿನಾರು ಅಂತಸ್ತುಗಳ ಕಟ್ಟಡವನ್ನು ನಿರ್ಮಿಸಿದನು. ಆದರೆ ಹಣದ ನಡುವೆಯೂ ಕೂಲಿಯ ಬಾಳನ್ನು ಮರೆಯಲಿಲ್ಲ. 1884ರಲ್ಲಿ ಅಮೆರಿಕಾದ ದಂಡವ್ಯವಸ್ಥೆಯನ್ನೂ ಅದರ ಬಾಯಿಗೆ ಬಿದ್ದವರನ್ನೂ ಕುರಿತು ಒಂದು ಚಿಕ್ಕ ಗ್ರಂಥವನ್ನು ಬರೆದನು. ಸೆರೆಮನೆಗಳಲ್ಲಿ ತುಂಬಿರುವವರಲ್ಲಿ ಹೆಚ್ಚಿನವರು ಬಡವರು, ತಬ್ಬಲಿಗಳು, ದಿಕ್ಕಿಲ್ಲದವರು. ಸಣ್ಣ ತಪ್ಪಿಗೆ ಹಿಡಿದು ತಂದವರನ್ನು ಆ ವ್ಯವಸ್ಥೆಯು ದೊಡ್ಡ ಅಪರಾಧಿಗಳನ್ನಾಗಿ ಮಾಡಿ ಕಳುಹಿಸುತ್ತಿದೆ ಎಂಬುದು ಅದರ ತಾತ್ಪರ್ಯ. ಮುಂದೆ ಅಮೆರಿಕಾದಲ್ಲಿ ಜಗದ್ವಿಖ್ಯಾತ ವಕೀಲನಾದ ಕ್ಲಾರೆನ್ಸ್ ಡ್ಯಾರೋ ಈ ಪುಸ್ತಕವನ್ನು ಓದಿಯೇ ಆಲ್ಟ್‌ಗೆಲ್ಡನ ಅಭಿಮಾನಿಯಾದನು. 1886ರಲ್ಲಿ ಆಲ್ಟ್‌ಗೆಲ್ಡನು ಚಿಕಾಗೋ ಪ್ರಾಂತದ ಮೇಲಣ ನ್ಯಾಯಾಲಯದಲ್ಲಿ ನ್ಯಾಯಾಧೀಶನಾಗಿ ಚುನಾಯಿತನಾದನು.

ಅದೇ 1886ರಲ್ಲಿ ಚಿಕಾಗೋ ನಗರದಲ್ಲಿ ನಡೆದ ಘೋರಪ್ರಸಂಗವೊಂದನ್ನು ಈಗ ಹೇಳಬೇಕಾಗಿದೆ. ದಿನಕ್ಕೆ ಎಂಟು ಗಂಟೆಗಳಿಗಿಂತ ಹೆಚ್ಚು ದುಡಿಸಲಾಗದೆಂದು ಅಮೆರಿಕಾದ ಕಾರ್ಮಿಕರು ಮೇ 1ರಂದು ದೇಶದಾದ್ಯಂತ ಮುಷ್ಕರ ಹೂಡಿದರು. 3ರಂದು ಚಿಕಾಗೋದ ಮೆಕಾರ್ಮಿಕ್ ಕಾರ್ಖಾನೆಯ ಬಳಿ ಪೋಲೀಸರು ಗುಂಡು ಹಾರಿಸಿ ಕಾರ್ಮಿಕರು ಮಡಿದರು. ಅದನ್ನು ಖಂಡಿಸಲು 4ರ ಸಂಜೆ ಹೇಮಾರ್ಕೆಟ್ ಎಂಬ ಚೌಕದ ಬಳಿ ಸಭೆ ಸೇರಿತು. ನಗರದ ಮೇಯರನೇ ಖುದ್ದಾಗಿ ಬಂದು ನೋಡಿ, ಸಭೆಯು ಶಾಂತವಾಗಿದೆಯೆಂದು ಹೇಳಿ ಮನೆಗೆ ಹೋದನು. ಮಳೆಯ ಮೋಡ ಕವಿದು ಜನವೂ ಕರಗುತ್ತಿತ್ತು. ಅಂತಹ ಹೊತ್ತಿನಲ್ಲಿ ಬಾನ್‌ಫೀಲ್ಡನೆಂಬ ಅಧಿಕಾರಿಯ ಆಜ್ಞೆಯಂತೆ ಪೋಲೀಸರ ದೊಡ್ಡ ದಂಡು ಸಭೆಯ ಮೇಲೆ ನಡೆದುಬಂದಿತು. ಕತ್ತಲೆಯಿಂದ ಯಾರೋ ಒಂದು ಬಾಂಬನ್ನು ಎಸೆದರು. ಪೋಲೀಸರು ಗುಂಡಿನ ಮಳೆಗರೆದರು. ಏಳು ಮಂದಿ ಪೋಲೀಸರೂ ಕೆಲವು ಮಂದಿ ಪ್ರಜೆಗಳೂ ಪ್ರಾಣ ಕಳೆದುಕೊಂಡರು.

ಬಾಂಬನ್ನು ಎಸೆದವನಾರೆಂಬುದು ಅಂದು ತಿಳಿಯಲಿಲ್ಲ, ಇಂದಿಗೂ ತಿಳಿದಿಲ್ಲ. ಆದರೆ ನಗರವು ಭಯದಿಂದಲೂ ಕ್ರೋಧದಿಂದಲೂ ಹುಚ್ಚೆದ್ದಿತ್ತು. ಯಾರನ್ನಾದರೂ ಶಿಕ್ಷಿಸದೆ ಅದಕ್ಕೆ ಸಮಾಧಾನವಿರಲಿಲ್ಲ. ಅರಾಜಕವಾದಿಗಳೆಂದು ಹೆಸರಾಗಿದ್ದ ಎಂಟು ಮಂದಿಯನ್ನು ಹಿಡಿದು ಗ್ಯಾರಿ ಎಂಬ ನ್ಯಾಯಾಧೀಶನ ಮುಂದೆ ನಿಲ್ಲಿಸಿದರು. ಬಾಂಬು ಸಿಡಿದ ಗಳಿಗೆಯಲ್ಲಿ ಅವರಲ್ಲಿ ಹೆಚ್ಚಿನವರು ಆ ಸ್ಥಳದಲ್ಲಿಯೇ ಇರಲಿಲ್ಲ. ಅವರ ಭಾಷಣಗಳೂ ಬರಹಗಳೂ ಉಗ್ರವಾಗಿದ್ದುವು, ಆದುದರಿಂದ ಬಾಂಬನ್ನು ಯಾರೇ ಎಸೆದಿರಲಿ, ಇವರೂ ಕೊಲೆಗೆ ಪಾಲುಗಾರರು ಎಂಬುದೇ ವಾದದ ಸಾರ. ಏಳು ಮಂದಿಗೆ ಗಲ್ಲು, ನೀಬೆ ಎಂಬಾತನಿಗೆ ಹದಿನೈದು ವರ್ಷಗಳ ಸೆರೆ ಎಂದು ತೀರ್ಪಾಯಿತು. 1887ನೆಯ ನವೆಂಬರ್ 11ರಂದು ಸ್ಪೀಸ್, ಪಾರ್ಸನ್ಸ್, ಫಿಷರ್, ಎಂಗೆಲ್ ಎಂಬ ನಾಲ್ವರನ್ನು ಗಲ್ಲಿಗೇರಿಸಿದರು. ಲಿಂಗ್ ಎಂಬ ಯುವಕನು ಹಿಂದಿನ ದಿನವೇ ಸೆರೆಕೋಣೆಯಲ್ಲಿ ಪ್ರಾಣವನ್ನು ಕಳೆದುಕೊಂಡಿದ್ದನು. ಫೀಲ್ಡನ್, ಶ್ವಾಬ್ ಎಂಬಿಬ್ಬರ ಮರಣದಂಡನೆಯನ್ನು ಆಗಿನ ಗವರ್ನರನಾದ ಓಗಲ್ಸ್‌ಬಿಯು ಆಜೀವ ಕಾರಾವಾಸಕ್ಕೆ ಇಳಿಸಿದನು. ಹೀಗೆ ಉಳಿದ ಮೂವರು ಜೋಲಿಯೆಟ್ ಪಟ್ಟಣದ ಸೆರೆಮನೆಯಲ್ಲಿ ದಿನಗಳನ್ನೆಣಿಸುತ್ತಿದ್ದರು.

1892ರ ಚುನಾವಣೆಯಲ್ಲಿ ಆಲ್ಟ್‌ಗೆಲ್ಡನು ಡೆಮೊಕ್ರಾಟ್ ಪಕ್ಷದ ಪರವಾಗಿ ನಿಂತು ಜಯಶೀಲನಾದನು. ಪರದೇಶದಲ್ಲಿ ಹುಟ್ಟಿದವನೊಬ್ಬನು ಇಲಿನಾಯಿಯ ಗವರ್ನರನಾದುದು ಅದೇ ಮೊದಲು. 1893ರ ಜನವರಿಯಲ್ಲಿ ಅಧಿಕಾರ ಸ್ವೀಕರಿಸುವಾಗ ಕಾಯಿಲೆಯಿಂದ ನಿಲ್ಲಲಾರದಷ್ಟು ಬಳಲಿದ್ದನು. ಅದು ಚಿಕಾಗೋದ ವೈಭವದ ವರ್ಷ. ಜಗತ್ಪ್ರದರ್ಶನವು ಅಲ್ಲಿ ನಡೆಯಿತು; ಆ ಸಂದರ್ಭದ ಸರ್ವಧರ್ಮ ಸಮ್ಮೇಳನದಲ್ಲಿಯೇ, ಹಿಂದಿನ ವರ್ಷ ಮೈಸೂರಿನಲ್ಲಿ ಚಾಮರಾಜೇಂದ್ರ ಒಡೆಯರ ಅತಿಥಿಯಾಗಿದ್ದ ಸ್ವಾಮಿ ವಿವೇಕಾನಂದರು ಸೆಪ್ಟೆಂಬರ್ 11ರಂದು ಮಾತನಾಡಿದುದು. ಆ ಭಾಷಣವನ್ನು ನಾವೆಲ್ಲ ಬಲ್ಲೆವು. ಅದಕ್ಕೆ ಎರಡೂವರೆ ತಿಂಗಳು ಮೊದಲು, ಅದೇ ಸಂಸ್ಥಾನದ ಗವರ್ನರನು ಮಾಡಿದ ಕಾರ್ಯವನ್ನು ಬಲ್ಲವರು ನಮ್ಮಲ್ಲಿ ವಿರಳ.

ಆ ಮೂವರನ್ನು ಬಿಡಬೇಕೆಂದು ಮನವಿಗಳು ಬರುತ್ತಲೇ ಇದ್ದುವು. ಸಾವಿರಾರು ಜನರು ರುಜು ಹಾಕಿದ್ದರು. ಅವರಲ್ಲಿ ಚಿಕಾಗೋದ ಗಣ್ಯರೂ ಇದ್ದರು. ಏಳು ವರ್ಷಗಳು ಸಂದಿದ್ದುವು, ಕ್ರೋಧವು ತಣ್ಣಗಾಗಿತ್ತು. ಅವರು ಸಾಕಷ್ಟು ನೋವನ್ನುಂಡಿದ್ದಾರೆ, ಕರುಣೆಯಿಂದ ಬಿಡುತ್ತೇನೆ ಎಂದು ಎರಡು ಸಾಲು ಬರೆದಿದ್ದರೆ ಆಲ್ಟ್‌ಗೆಲ್ಡನನ್ನು ಬಹುಮಂದಿ ಕೊಂಡಾಡುತ್ತಿದ್ದರು. ಸ್ನೇಹಿತರು ಅದನ್ನೇ ನಿರೀಕ್ಷಿಸಿದ್ದರು. ಆತನಾದರೋ ಮೊಕದ್ದಮೆಯ ಕಾಗದಗಳನ್ನೆಲ್ಲ ತರಿಸಿಕೊಂಡು ತಿಂಗಳುಗಟ್ಟಲೆ ಓದಿದನು. ಆತನ ವಿಚಾರಸರಣಿ ಸರಳವಾಗಿತ್ತು: ಇವರು ನಿಜವಾಗಿ ಅಪರಾಧಿಗಳಾಗಿದ್ದು ನ್ಯಾಯವಾದ ವಿಚಾರಣೆ ನಡೆದಿದ್ದರೆ ಬಿಡಲು ಕಾರಣವಿಲ್ಲ, ವಿಚಾರಣೆಯೇ ಅನ್ಯಾಯವಾಗಿದ್ದರೆ ಕರುಣೆಯ ಮಾತೇ ಬೇಡ, ಬಿಡುವುದು ಅವರ ಹಕ್ಕು.

1893ನೆಯ ಜೂನ್ 26ರಂದು ಆತನು ಮೂವರಿಗೂ ಸಂಪೂರ್ಣ ಕ್ಷಮೆಯನ್ನು ಕೊಟ್ಟು, ಕಾರಣಗಳನ್ನು ಸುದೀರ್ಘವಾದ ಪತ್ರದಲ್ಲಿ ಪ್ರಕಟಿಸಿದನು. ಜೂರಿಗಳನ್ನು ಶಿಕ್ಷೆಯಾಗಲೆಂಬ ಉದ್ದೇಶದಿಂದಲೇ ಆರಿಸಿ ತರಲಾಯಿತು, ತಮಗೆ ಮೊದಲೇ ಪೂರ್ವಾಗ್ರಹವುಂಟೆಂದು ಒಪ್ಪಿಕೊಂಡವರನ್ನು ಕೂಡ ಅರ್ಹರೆಂದು ಸ್ವೀಕರಿಸಲಾಯಿತು, ಬಾಂಬನ್ನು ಎಸೆದವನು ಯಾರೆಂದೇ ತಿಳಿಯದಿರುವಾಗ, ಅವನು ಇವರ ಮಾತನ್ನು ಕೇಳಿಯೇ ಎಸೆದನೆಂದು ತೋರಿಸುವ ಸಾಕ್ಷ್ಯವಿಲ್ಲ, ನೀಬೆಯ ಮೇಲಂತೂ ಮೊಕದ್ದಮೆಗೆ ಆಧಾರವೇ ಇಲ್ಲ, ನ್ಯಾಯಾಧೀಶನು ಪಕ್ಷಪಾತಿಯಾಗಿದ್ದನು. ಇವು ಆ ಪತ್ರದ ಮುಖ್ಯ ವಿಷಯಗಳು. ಕ್ಷಮಾಪತ್ರಗಳನ್ನು ಗುಟ್ಟಾಗಿ ಸಿದ್ಧಪಡಿಸಿದ ಗುಮಾಸ್ತನು ಬ್ರಾಂಡ್ ವಿಟ್ಲಾಕನೆಂಬ ಯುವಕ. ಆತನು ಮುಂದೆ ಬೆಲ್ಜಿಯಮ್ ದೇಶದಲ್ಲಿ ಅಮೆರಿಕಾದ ರಾಯಭಾರಿಯಾಗಿ ಪ್ರಸಿದ್ಧನಾದನು. ಮೂವರೂ ಅಂದೇ ಸೆರೆಮನೆಯಿಂದ ಹೊರಬಂದರು.

ಮೂವರನ್ನು ಬಿಟ್ಟುದನ್ನು ಜನರು ಸಹಿಸಿಯಾರು. ಆದರೆ ನಾಲ್ವರನ್ನು ಅನ್ಯಾಯವಾಗಿ ನೇಣು ಹಾಕಿದಿರಿ ಎಂಬ ಅರ್ಥವನ್ನು ಹೇಗೆ ಸಹಿಸಿಯಾರು? ಆ ಪತ್ರದಲ್ಲಿ ತಮ್ಮದೇ ಮುಖವು ಕನ್ನಡಿಯಲ್ಲಿ ಕಂಡಂತಾಯಿತು. ದೇಶದ ದೊಡ್ಡ ದೊಡ್ಡ ಪತ್ರಿಕೆಗಳೆಲ್ಲ ಒಕ್ಕೊರಲಿನಿಂದ ಆಲ್ಟ್‌ಗೆಲ್ಡನನ್ನು ಅರಾಜಕನೆಂದೂ ಪರದೇಶಿಯೆಂದೂ ಕೊಲೆಗಡುಕರ ಬಂಧುವೆಂದೂ ಜರೆದುವು. ಆತನ ಪ್ರತಿಕೃತಿಯನ್ನು ಮಾಡಿ ನೇಣುಹಾಕಿದವರೂ ಉಂಟು. ಒಂದು ದೃಷ್ಟಿಯಿಂದ ನೋಡಿದರೆ ಆತನ ಲೇಖನಿಯಲ್ಲಿಯೂ ದೋಷವಿತ್ತು. ನ್ಯಾಯಾಧೀಶ ಗ್ಯಾರಿಯ ವಿಷಯದಲ್ಲಿ ಆಡಿದ ಮಾತುಗಳು ಕಟುವಾಗಿದ್ದುವು. ಇನ್ನಿಷ್ಟು ಸೌಮ್ಯವಾಗಿ ಬರೆದಿದ್ದರೆ ಸತ್ಯಕ್ಕೇನೂ ಕುಂದು ಬರುತ್ತಿರಲಿಲ್ಲವೆಂದು ಆತನ ಹಿತೈಷಿಗಳೂ ಭಾವಿಸಿದರು. ಹಿಂದಿನ ಪಕ್ಷದ ಅಧಿಕಾರಿಗಳನ್ನು ತೆಗೆದು ತನ್ನ ಪಕ್ಷದವರನ್ನು ಸೇರಿಸಿದುದೂ ಆತನ ಆಡಳಿತದ ಲೋಪಗಳಲ್ಲೊಂದು. ಗುಣವನ್ನು ಹೇಳುವಾಗ ದೋಷವನ್ನು ಮುಚ್ಚುವುದು ಚರಿತ್ರಕಾರನ ಧರ್ಮವಲ್ಲ.

ಆತನ ಆಡಳಿತವೆಲ್ಲ ಈ ಒಂದು ಪತ್ರದಲ್ಲಿಯೇ ಮುಗಿಯಿತೆಂದು ತಿಳಿಯಬಾರದು. 1893ರಲ್ಲಿಯೇ ಕಾರ್ಖಾನೆಗಳಲ್ಲಿ ಹದಿನಾಲ್ಕು ವರ್ಷದೊಳಗಿನ ಮಕ್ಕಳ ದುಡಿಮೆಯನ್ನು ನಿಷೇಧಿಸಿ, ಹೆಂಗಸರ ಕೆಲಸವನ್ನು ದಿನಕ್ಕೆ ಎಂಟು ಗಂಟೆಗಳಿಗೆ ಮಿತಗೊಳಿಸುವ ಶಾಸನವು ಜಾರಿಗೆ ಬಂದಿತು. ಅದನ್ನು ನಡೆಯಿಸಲು ಮುಖ್ಯ ತನಿಖಾಧಿಕಾರಿಯಾಗಿ ಫ್ಲಾರೆನ್ಸ್ ಕೆಲ್ಲಿ ಎಂಬ ಮಹಿಳೆಯನ್ನೇ ನೇಮಿಸಿದುದು ಆ ಕಾಲಕ್ಕೆ ಅಸಾಧಾರಣವಾದ ಧೈರ್ಯ. ಎಂಟು ಗಂಟೆಗಳ ವಿಧಿಯನ್ನು ಸಂಸ್ಥಾನದ ಶ್ರೇಷ್ಠ ನ್ಯಾಯಾಲಯವು 1895ರಲ್ಲಿ ರದ್ದುಗೊಳಿಸಿದರೂ, ಬಿತ್ತಿದ ಬೀಜವು ಹಾಳಾಗಲಿಲ್ಲ. ಇಲಿನಾಯ್ ವಿಶ್ವವಿದ್ಯಾನಿಲಯಕ್ಕೆ ಆತನು ಕೊಡಿಸಿದ ದ್ರವ್ಯಸಹಾಯದಿಂದ ಅದು ಬೆಳೆಯಿತು. ಅಲ್ಲಿಯ ಒಂದು ಭವನಕ್ಕೆ ಇಂದಿಗೂ ಆತನ ಹೆಸರಿದೆ.

1894ರಲ್ಲಿ ಎರಡನೆಯ ಪರೀಕ್ಷೆ ಒದಗಿತು. ರೈಲಿನ ಶಯನಗಾಡಿಗಳನ್ನು ಕಟ್ಟುತ್ತಿದ್ದ ಪುಲ್‌ಮನ್ ಕಂಪೆನಿಯು ಕೂಲಿಯನ್ನು ಇಳಿಸಿ, ಕಾರ್ಮಿಕರಿಗೆ ತಾನೇ ಕೊಟ್ಟಿದ್ದ ಮನೆಗಳ ಬಾಡಿಗೆಯನ್ನು ಮಾತ್ರ ಇಳಿಸಲಿಲ್ಲ. ಮುಷ್ಕರವು ಹಬ್ಬಿ ರೈಲುಗಳು ನಿಂತುವು. ಅಧ್ಯಕ್ಷನಾದ ಗ್ರೋವರ್ ಕ್ಲೀವ್‌ಲೆಂಡನು ಅಂಚೆಯ ಸಂಚಾರಕ್ಕೆ ಅಡ್ಡಿಯಾಯಿತೆಂದು, ಗವರ್ನರನನ್ನು ಕೇಳದೆಯೇ ಜುಲೈ ಮೊದಲ ವಾರದಲ್ಲಿ ಕೇಂದ್ರದ ಸೈನ್ಯವನ್ನು ಚಿಕಾಗೋಗೆ ಇಳಿಸಿದನು. ಅಧ್ಯಕ್ಷನು ಆಲ್ಟ್‌ಗೆಲ್ಡನ ಸ್ವಪಕ್ಷದವನೇ. ಆದರೂ ಈತನು ಜುಲೈ 5ರಂದು ತಂತಿಯ ಮೂಲಕ ಪ್ರತಿಭಟಿಸಿದನು: ಸಂಸ್ಥಾನದ ಪಡೆಯು ಸಾಕಷ್ಟಿದೆ, ಸಹಾಯವನ್ನು ಯಾರೂ ಬೇಡಿಲ್ಲ, ಸ್ಥಳೀಯ ಸ್ವಾತಂತ್ರ್ಯವೂ ರಾಜ್ಯಾಂಗದ ಅಡಿಗಲ್ಲುಗಳಲ್ಲಿ ಒಂದು. ದಂಗೆಯನ್ನು ಅಡಗಿಸಲು ತನ್ನ ಪಡೆಯನ್ನು ಕೇಳಿದ ಕಡೆಗೆಲ್ಲ ಆತನು ಕಳುಹಿಸುತ್ತಿದ್ದನೆಂಬುದನ್ನೂ ಮರೆಯಬಾರದು. ಅಧ್ಯಕ್ಷನು ಒಪ್ಪಲಿಲ್ಲ, ಮುಂದೆ ದೇಶದ ಶ್ರೇಷ್ಠ ನ್ಯಾಯಾಲಯವೂ 1895ರಲ್ಲಿ ಕೇಂದ್ರದ ಪಕ್ಷವನ್ನೇ ಎತ್ತಿಹಿಡಿಯಿತು. ಮುಷ್ಕರವು ಮುರಿದ ಮೇಲೆ ಆಗಸ್ಟ್ ತಿಂಗಳಿನಲ್ಲಿ ಆಲ್ಟ್‌ಗೆಲ್ಡನು ತಾನೇ ಪುಲ್‌ಮನ್ ಊರಿನ ಮನೆಗಳಿಗೆ ಹೋಗಿ, ಉಪವಾಸ ಬಿದ್ದಿದ್ದ ಕುಟುಂಬಗಳನ್ನು ಕಂಡು, ಅವರ ನೆರವಿಗೆ ಬರಬೇಕೆಂದು ಜನರನ್ನು ಪ್ರಾರ್ಥಿಸಿದನು.

ಮೂರನೆಯದು ಧನದ ಪರೀಕ್ಷೆ. ಚಿಕಾಗೋದ ಬೀದಿಯ ಟ್ರಾಮುಗಳ ಒಡೆಯನಾದ ಯರ್ಕೀಸ್ ಎಂಬ ಕೋಟ್ಯಧೀಶನು 1895ರಲ್ಲಿ ನಗರದ ಬೀದಿಗಳ ಮೇಲಿನ ಹಕ್ಕನ್ನು ಬಹುಕಾಲ ತನಗೇ ಕಟ್ಟಿಕೊಡುವ ಮಸೂದೆಗಳನ್ನು ಶಾಸನಸಭೆಯಲ್ಲಿ ಗೆಲ್ಲಿಸಿಕೊಂಡನು. ಗವರ್ನರನ ರುಜುವಿಗಾಗಿ ದೊಡ್ಡ ಮೊತ್ತದ ಹಣವು ಸಿದ್ಧವಾಗಿತ್ತೆಂದು ಪ್ರತೀತಿ. ಆಗ ಆಲ್ಟ್‌ಗೆಲ್ಡನ ಸ್ವಂತ ಸಂಪತ್ತು ಕರಗುತ್ತಿತ್ತು; ಯೂನಿಟಿ ಭವನದ ಸಾಲವು ಹೆಗಲಿನ ಮೇಲಿತ್ತು. ಆದರೂ ಮಸೂದೆಗಳನ್ನು ತಿರಸ್ಕರಿಸಿ ಕಳುಹಿಸಿದನು.

1896ರಲ್ಲಿ ಡೆಮೊಕ್ರಾಟ್ ಪಕ್ಷದ ಮಹಾಸಭೆಯಲ್ಲಿ ಆತನ ಮಾತಿಗೆ ಬಹಳ ಬೆಲೆಯಿತ್ತು. ಪರದೇಶದಲ್ಲಿ ಹುಟ್ಟಿದವನಾದುದರಿಂದ ಅಧ್ಯಕ್ಷಪದವಿಗೆ ಮಾತ್ರ ನಿಲ್ಲುವಂತಿರಲಿಲ್ಲ. ಅದೇ ವರ್ಷದ ಗವರ್ನರ್ ಚುನಾವಣೆಯಲ್ಲಿ ಆತನು ಸೋತನು. ಮುಂದೆ ತಾನೇ ಅಧ್ಯಕ್ಷನಾದ ಥಿಯೊಡೋರ್ ರೂಸ್‌ವೆಲ್ಟನೂ ಆ ಚುನಾವಣೆಯ ಕಾಲದಲ್ಲಿ ಆತನನ್ನು ಕಠೋರವಾಗಿ ನಿಂದಿಸಿದವರಲ್ಲೊಬ್ಬನು. 1897ರ ಜನವರಿಯಲ್ಲಿ ಅಧಿಕಾರವನ್ನು ಒಪ್ಪಿಸುವಾಗ, ಹೊರಹೋಗುವ ಗವರ್ನರನು ವಿದಾಯದ ನಾಲ್ಕು ಮಾತುಗಳನ್ನಾಡುವ ವಾಡಿಕೆಯನ್ನು ಸಹ ಆತನ ಪಾಲಿಗೆ ನಡೆಸಿಕೊಡಲಿಲ್ಲ. 1899ರಲ್ಲಿ ಚಿಕಾಗೋದ ಮೇಯರ್ ಪದವಿಗೆ ನಿಂತು ಸೋತನು. ಯೂನಿಟಿ ಭವನವೂ ಕೈಬಿಟ್ಟಿತು. ಕೊನೆಗೆ, ಹಿಂದೆ ತನ್ನ ಪುಸ್ತಕವನ್ನು ಓದಿ ಮೆಚ್ಚಿದ್ದ ಡ್ಯಾರೋವಿನ ವಕೀಲಿ ಕಛೇರಿಯಲ್ಲಿಯೇ ಪಾಲುಗಾರನಾಗಿ ಮತ್ತೆ ದುಡಿಯತೊಡಗಿದನು.

1902ನೆಯ ಮಾರ್ಚ್ 11ರ ರಾತ್ರಿ ದಕ್ಷಿಣ ಆಫ್ರಿಕಾದ ಬೋಯರರ ಪರವಾಗಿ ಆತನು ಒಂದು ಭಾಷಣ ಮಾಡಿದನು. ಸಭೆ ಸೇರಿದ್ದುದು, ಒಂಬತ್ತು ವರ್ಷಗಳ ಹಿಂದೆ ಆ ಮೂವರು ಸೆರೆಯಿಂದ ಹೊರಬಂದಿದ್ದ ಜೋಲಿಯೆಟ್ ಪಟ್ಟಣದಲ್ಲಿಯೇ. ಭಾಷಣ ಮುಗಿಯುತ್ತಲೇ ಅಸ್ವಸ್ಥನಾಗಿ, ಮರುದಿನ ಕಾಲವಾದನು. ವಯಸ್ಸು ಐವತ್ತನಾಲ್ಕು. ಅಂತ್ಯಕ್ರಿಯೆಯ ಸಮಯದಲ್ಲಿ ಮಾತನಾಡಿದವರು ಡ್ಯಾರೋ ಮತ್ತು ದೀನಸೇವೆಗೆ ಹೆಸರಾದ ಜೇನ್ ಆಡಮ್ಸ್. 1915ರಲ್ಲಿ ಚಿಕಾಗೋದ ಲಿಂಕನ್ ಉದ್ಯಾನದಲ್ಲಿ ಆತನ ವಿಗ್ರಹವನ್ನು ನಿಲ್ಲಿಸಿದರು. 1956ರಲ್ಲಿ ಜಾನ್ ಕೆನೆಡಿಯು ರಾಜಕೀಯ ಧೈರ್ಯವನ್ನು ಕುರಿತು ಪ್ರಕಟಿಸಿದ ಗ್ರಂಥದಲ್ಲಿಯೂ ಆತನ ಹೆಸರು ಬಂದಿದೆ. ಕಾರ್ಮಿಕರ ಮೇ ದಿನವನ್ನು 1923ರಲ್ಲಿ ಮದರಾಸಿನಲ್ಲಿ ಸಿಂಗಾರವೇಲರು ಭಾರತದಲ್ಲಿ ಮೊದಲಬಾರಿಗೆ ಆಚರಿಸಿದರು. ಇಂದು ನಮ್ಮ ನಾಡಿನಲ್ಲಿಯೂ ಆ ದಿನ ರಜೆ. ಆ ರಜೆಯ ಮೂಲದಲ್ಲಿ 1886ರ ಚಿಕಾಗೋ ಇದೆಯೆಂಬುದನ್ನು ನೆನೆಯುವವರು ಕೆಲವರಾದರೂ ಇರಲಿ.

ಇಲ್ಲಿ ನನ್ನದೊಂದು ಸಣ್ಣ ಸಂಗತಿಯನ್ನು ಹೇಳಲು ಅಪ್ಪಣೆಯಿರಲಿ. ಉಪಾಧ್ಯಾಯನಾಗಿದ್ದ ಕಾಲದಲ್ಲಿ ಒಮ್ಮೆ ತರಗತಿಯಲ್ಲಿ ಪುಸ್ತಕವೊಂದು ಕಳೆದುಹೋಗಲು, ಬಡವರ ಮನೆಯ ಹುಡುಗನೊಬ್ಬನನ್ನು ಸಂಶಯಿಸಿ ಎಲ್ಲರ ಎದುರಿಗೆ ಹೊಡೆದೆನು. ಎರಡು ದಿನಗಳ ತರುವಾಯ ಆ ಪುಸ್ತಕವು ನನ್ನ ಪೆಟ್ಟಿಗೆಯಲ್ಲಿಯೇ ಸಿಕ್ಕಿತು. ಹುಡುಗನನ್ನು ಮರೆಯಲ್ಲಿ ಕರೆದು ಬೆನ್ನು ಸವರಿ, ಹಣ್ಣನ್ನು ಕೊಟ್ಟು ಕಳುಹಿಸಿದೆನು. ತರಗತಿಯ ಮುಂದೆ ಮಾತ್ರ ತಪ್ಪನ್ನು ಒಪ್ಪಿಕೊಳ್ಳಲಿಲ್ಲ. ಗುರುವಿನ ಮರ್ಯಾದೆಯು ಕೆಡುವುದೆಂದು ಹೆದರಿದೆನು. ಆ ಹುಡುಗನು ಹಣ್ಣನ್ನು ಅಲ್ಲಿಯೇ ಮೇಜಿನ ಮೇಲೆ ಬಿಟ್ಟು ಹೋದನು. ಆಗ ನನಗೆ ಅದರ ಅರ್ಥವಾಗಲಿಲ್ಲ. ನಾನು ಕರುಣೆಯನ್ನು ಕೊಟ್ಟಿದ್ದೆನು. ಅವನಿಗೆ ಬೇಕಾಗಿದ್ದುದು ನ್ಯಾಯ. ಆಲ್ಟ್‌ಗೆಲ್ಡನ ಚರಿತ್ರೆಯನ್ನು ಓದಿದಂದು ಆ ಹಣ್ಣು ಮತ್ತೆ ಕಣ್ಣಿಗೆ ಕಟ್ಟಿತು.

ದಂಡಿಸಬಾರದವರನ್ನು ದಂಡಿಸುವ ಅರಸನು ಇಹದಲ್ಲಿ ಅಪಯಶಸ್ಸನ್ನೂ ಪರದಲ್ಲಿ ನರಕವನ್ನೂ ಪಡೆಯುವನೆಂದು ಮನುವು ವಿಧಿಸಿದ್ದಾನೆ. ಆದರೆ ಒಬ್ಬರು ಮಾಡಿದ ತಪ್ಪುದಂಡವನ್ನು ಇನ್ನೊಬ್ಬನು ಬಹಿರಂಗವಾಗಿ ತಿದ್ದಿದರೆ ಅಪಯಶಸ್ಸು ತಿದ್ದಿದವನಿಗೇ ಬರುವುದೆಂಬುದನ್ನು ಲೋಕವು ತೋರಿಸಿಕೊಟ್ಟಿತು. ಆಲ್ಟ್‌ಗೆಲ್ಡನಿಗೆ ಇದು ಮೊದಲೇ ತಿಳಿದಿತ್ತು. ತಿಳಿದೇ ರುಜು ಹಾಕಿದನು. ಸತ್ತ ನಾಲ್ವರನ್ನು ಆ ರುಜುವು ಬದುಕಿಸಲಿಲ್ಲ. ಮಾಂಡವ್ಯನ ಮೈಯಲ್ಲಿ ಉಳಿದ ಮೊನೆಯಂತೆ ಆ ಅನ್ಯಾಯವು ಚಿಕಾಗೋದ ಚರಿತ್ರೆಯಲ್ಲಿ ಇಂದಿಗೂ ಉಳಿದಿದೆ. ಆದರೂ ಅದನ್ನು ಅನ್ಯಾಯವೆಂದು ಹೆಸರಿಟ್ಟು ಕರೆಯುವ ಅಧಿಕಾರಿಯೊಬ್ಬನು ಆ ಸಂಸ್ಥಾನಕ್ಕೆ ದೊರೆತನು. ದೇಶಗಳಿಗೂ, ಊರುಗಳಿಗೂ, ಶಾಲೆಗಳಿಗೂ ಅಂತಹ ಒಬ್ಬನು ದೊರೆಯಲೆಂದು ಪ್ರಾರ್ಥಿಸಿ ಈ ಲೇಖನವನ್ನು ಮುಗಿಸುತ್ತೇನೆ.